ದಿನಸಿ ಚೀಟಿಯಲ್ಲಿ ಮೊದಲು ಕಿಲೋ, ಆಮೇಲೆ ರೂಪಾಯಿ

ದಿನಸಿಗೆಂದು ತಿಂಗಳ ಮೊದಲಿಗೇ ಎಂಟು ಸಾವಿರ ರೂಪಾಯಿ ಎತ್ತಿಟ್ಟಿರುತ್ತಾರೆ. ಇಪ್ಪತ್ತನೇ ತಾರೀಖು ಬರುವಷ್ಟರಲ್ಲಿ ಅದು ಖಾಲಿ. ಎಣ್ಣೆ ಬೆಲೆ ಏರಿತೇ, ನೆಂಟರು ಬಂದು ನಾಲ್ಕು ದಿನ ಉಳಿದರೇ, ಮಕ್ಕಳ ತಿಂಡಿ ಜಾಸ್ತಿಯಾಯಿತೇ ಎಂದು ಕೇಳಿದರೆ ಮನೆಯವರಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ‘ಎಲ್ಲದಕ್ಕೂ ರೇಟು ಜಾಸ್ತಿ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ರೇಟು ಜಾಸ್ತಿಯಾಗಿರುವುದು ನಿಜವೇ. ಆದರೂ ಖರ್ಚು ಮೀರಲು ಎರಡು ದಾರಿಗಳಿವೆ. ಅಷ್ಟೇ ಸಾಮಾನಿಗೆ ಹೆಚ್ಚು ದುಡ್ಡು ಕೊಟ್ಟಿರಬಹುದು, ಇಲ್ಲವೇ ಸಾಮಾನನ್ನೇ ಹೆಚ್ಚು ತಂದಿರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಬರೀ ರೂಪಾಯಿಯಲ್ಲಿ ಬರೆದಿಟ್ಟ ಬಜೆಟ್ಟಿನಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

ಹಾಗಾಗಿ ಬಜೆಟ್ಟನ್ನು ಮೊದಲು ಕಿಲೋ, ಲೀಟರುಗಳಲ್ಲಿ ಬರೆಯಬೇಕು. ನಾಲ್ಕು ಜನರ ಮನೆಗೆ ಅಕ್ಕಿ 20 ಕಿಲೋ, ರಾಗಿಹಿಟ್ಟು 5 ಕಿಲೋ, ತೊಗರಿಬೇಳೆ 3 ಕಿಲೋ, ಎಣ್ಣೆ 4 ಲೀಟರ್, ಸಕ್ಕರೆ 3 ಕಿಲೋ ಎಂದುಕೊಳ್ಳೋಣ. ಬೆಳಗಾವಿ ಕಡೆಯ ಮನೆಯಲ್ಲಿ ರಾಗಿಯ ಜಾಗಕ್ಕೆ ಜೋಳ ಬರುತ್ತದೆ, ಮಂಗಳೂರಿನಲ್ಲಿ ಕುಸುಬಲಕ್ಕಿಯೂ ತೆಂಗಿನೆಣ್ಣೆಯೂ ಸೇರುತ್ತವೆ. ಈ ಅಳತೆ ಯಾರೋ ಹೇಳಿಕೊಡುವಂಥದ್ದಲ್ಲ, ಒಂದೆರಡು ತಿಂಗಳು ಡಬ್ಬಿಗಳನ್ನು ಗಮನಿಸಿದರೆ ತಾನಾಗಿ ತಿಳಿಯುತ್ತದೆ. ಪ್ರತಿಯೊಂದರ ಎದುರಿಗೆ ಆ ತಿಂಗಳ ದರ ಬರೆದು ಗುಣಿಸಿದರೆ ರೂಪಾಯಿ ಲೆಕ್ಕ ಸಿಗುತ್ತದೆ.

ನಮ್ಮ ಹಿಂದಿನವರ ಚೀಟಿಯಲ್ಲಿ ಇದ್ದದ್ದೂ ಇದೇ. ಉದ್ರಿ ಕೊಡುವ ಕಿರಾಣಿ ಅಂಗಡಿಯ ಸಣ್ಣ ಪುಸ್ತಕದಲ್ಲಿ ತಾರೀಖು, ಸಾಮಾನು, ತೂಕ, ದರ ನಾಲ್ಕೂ ಇರುತ್ತಿದ್ದವು. ಈಗ ಫೋನಿನಲ್ಲಿ ಹಣ ಕಳಿಸುತ್ತೇವೆ. 247 ರೂಪಾಯಿ ಯಾವ ಅಂಗಡಿಗೆ ಹೋಯಿತು ಎಂಬುದಕ್ಕೆ ದಾಖಲೆ ಇದೆ, ಏನು ತಂದೆವು ಎಂಬುದಕ್ಕಿಲ್ಲ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳಲ್ಲಿ ಆ ಪಟ್ಟಿ ಸಿಗುತ್ತದಾದರೂ ಅಲ್ಲಿ ಇನ್ನೊಂದು ತೊಡಕು. ಅರ್ಧ ಲೀಟರ್ ಮೊಸರಿಗೆಂದು ತೆರೆದವರು ಡೆಲಿವರಿ ಶುಲ್ಕ ಉಳಿಸುವುದಕ್ಕೆ ಚಿಪ್ಸನ್ನೂ ಬಿಸ್ಕತ್ತನ್ನೂ ಸೇರಿಸುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ‘ಎಣ್ಣೆ 1, ಸಕ್ಕರೆ ಅರ್ಧ’ ಎಂದು ಪೆನ್ಸಿಲಿನಲ್ಲಿ ಬರೆದರೆ ಸಾಕು.

ಈ ಲೆಕ್ಕ ಹೇಗೆ ಉಪಯೋಗಕ್ಕೆ ಬರುತ್ತದೆ ಎಂದು ಎಣ್ಣೆಯನ್ನೇ ಹಿಡಿದು ನೋಡೋಣ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಾಗಿ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೇಲೆ ಶೇ 20ರಷ್ಟು ಮೂಲ ಆಮದು ಸುಂಕ ಹಾಕಿತು, ಅಂಗಡಿಯಲ್ಲಿ ದರ ಏರಿತು. 2025ರ ಮೇ ಕೊನೆಗೆ ಅದನ್ನು ಶೇ 10ಕ್ಕೆ ಇಳಿಸಿತು. ಈ ಏರಿಳಿತ ನಮ್ಮ ಕೈಯಲ್ಲಿಲ್ಲ. ಆದರೆ ಪ್ಯಾಕೆಟ್ಟಿನೊಳಗೆ ಎಷ್ಟಿದೆ ಎಂದು ನೋಡುವುದು ನಮ್ಮ ಕೈಯಲ್ಲಿದೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅದೇ ಗಾತ್ರದ, ಒಳಗೆ 850 ಗ್ರಾಂ ಮಾತ್ರ ಇರುವ ಪ್ಯಾಕೆಟ್ಟುಗಳೂ ಮಾರುಕಟ್ಟೆಯಲ್ಲಿವೆ. ಅಂಥ ನಾಲ್ಕು ತಂದರೆ 240 ಗ್ರಾಂ ಕಡಿಮೆ ಬಂತು. ತಿಂಗಳಿಗೆ 4 ಲೀಟರ್ ಬಳಸುವ ಮನೆಗೆ ಅದು ಎರಡು ದಿನದ ಎಣ್ಣೆ. ತಿಂಗಳ ಕೊನೆಗೆ ಐದನೆಯ ಪ್ಯಾಕೆಟ್ ತಂದಾಗ ‘ನಾವು ಜಾಸ್ತಿ ಸುರಿಯುತ್ತಿದ್ದೇವೆ’ ಎಂದು ಮನೆಯವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಎಂಆರ್‌ಪಿಯ ಜೊತೆಗೆ ಗ್ರಾಂಗೋ ಕಿಲೋಗೋ ಎಷ್ಟು ದರ ಬೀಳುತ್ತದೆ ಎಂಬುದನ್ನೂ ಮುದ್ರಿಸಬೇಕೆಂಬ ನಿಯಮ ಈಗ ಜಾರಿಯಲ್ಲಿದೆ. ಅಕ್ಷರ ಸಣ್ಣದು, ಆದರೆ ಎರಡು ಬ್ರ್ಯಾಂಡುಗಳನ್ನು ಹೋಲಿಸಲು ಆ ಸಾಲಿಗಿಂತ ಒಳ್ಳೆಯ ಸಾಧನವಿಲ್ಲ.

ದರವೇ ಏರಿದ್ದರೆ ಅಳತೆ ತಗ್ಗಿಸುವುದಕ್ಕಿಂತ ಪದಾರ್ಥ ಬದಲಿಸುವುದು ಮೇಲು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಅನೇಕ ಮನೆಗಳು ಮತ್ತೆ ಹುಣಸೆಹಣ್ಣಿನ ಸಾರಿಗೆ ಹೊರಳಿದವು. ಅದೇ ವರ್ಷ ರಾಜ್ಯದ ಬಹುತೇಕ ತಾಲ್ಲೂಕುಗಳಲ್ಲಿ ಬರ ಬಿತ್ತು. ತೊಗರಿಯ ಕಣಜವಾದ ಕಲಬುರಗಿಯಲ್ಲೂ ಬೆಳೆ ಕೈಕೊಟ್ಟು, ಬೇಳೆ ಕಿಲೋಗೆ 150 ರೂಪಾಯಿ ಮೀರಿತು. ಅಂಥ ತಿಂಗಳಲ್ಲಿ 3 ಕಿಲೋ ತೊಗರಿಯನ್ನು 2ಕ್ಕೆ ಇಳಿಸಿ, ಉಳಿದ ಒಂದು ಕಿಲೋದ ಜಾಗಕ್ಕೆ ಹುರುಳಿಕಾಳನ್ನೋ ಆಗ ಅಗ್ಗವಿರುವ ಬೇರೆ ಕಾಳನ್ನೋ ತರಬಹುದು. ಹುರುಳಿ ಬಸ್ಸಾರು ನಮಗೆ ಹೊಸದಲ್ಲವಲ್ಲ. ಅಳತೆ ಮೊದಲೇ ಬರೆದಿದ್ದರೆ ಇಂಥ ಅದಲುಬದಲು ಸುಲಭ. ದರ ಇಳಿದಾಗಲೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಟೂತ್‌ಪೇಸ್ಟ್, ಶಾಂಪೂಗಳದ್ದು ಶೇ 18ರಿಂದ 5ಕ್ಕೆ ಇಳಿಯಿತು. ಎಷ್ಟು ತರುತ್ತೇವೆ ಎಂಬುದು ಗೊತ್ತಿರುವ ಮನೆಗೆ ಮಾತ್ರ ಈ ಇಳಿಕೆಯಿಂದ ಎಷ್ಟು ಉಳಿಯಿತು ಎಂಬುದು ಗೊತ್ತಾಗುತ್ತದೆ.

ಬಳಕೆಯೇ ಹೆಚ್ಚಾಗಿದ್ದರೆ ಹುಡುಕಬೇಕಾದ ಜಾಗ ಬೇರೆ. ಹಣ ಸಾಲದಾದಾಗ ಅನೇಕರು ಮೊದಲು ಅಕ್ಕಿಯ ಕಡೆ ನೋಡುತ್ತಾರೆ, ಸೋನಾ ಮಸೂರಿ ಬಿಟ್ಟು ಕಡಿಮೆ ದರ್ಜೆಯದು ತರುತ್ತಾರೆ. 2023–24ರ ರಾಷ್ಟ್ರೀಯ ಕುಟುಂಬ ವೆಚ್ಚ ಸಮೀಕ್ಷೆ ಬೇರೆಯದೇ ಚಿತ್ರ ಕೊಡುತ್ತದೆ. ದೇಶದ ನಗರಗಳಲ್ಲಿ ತಲಾ ತಿಂಗಳ ವೆಚ್ಚ ಸರಾಸರಿ 6,996 ರೂಪಾಯಿ. ಅದರಲ್ಲಿ ಆಹಾರಕ್ಕೆ ಹೋಗುವುದು ಶೇ 40ಕ್ಕೆ ಸ್ವಲ್ಪ ಕಡಿಮೆ. ಧಾನ್ಯಗಳ ಪಾಲು ಶೇ 4ನ್ನೂ ಮುಟ್ಟುವುದಿಲ್ಲ. ಪಾನೀಯ, ಕುರುಕಲು, ಸಿದ್ಧ ಆಹಾರ, ಹೊರಗಿನ ಊಟ ಇವಿಷ್ಟು ಸೇರಿ ಶೇ 11ರಷ್ಟಾಗುತ್ತದೆ. ಹಳ್ಳಿಗಳಲ್ಲೂ ಆಹಾರದ ಬಾಬತ್ತಿನಲ್ಲಿ ದೊಡ್ಡ ಪಾಲು ಇದರದ್ದೇ. ಹೀಗಿರುವಾಗ ಅಕ್ಕಿಯ ದರ್ಜೆ ಇಳಿಸಿದರೆ ಉಳಿಯುವುದು ಸ್ವಲ್ಪ, ಬೇಸರ ಮಾತ್ರ ದಿನಕ್ಕೆರಡು ಹೊತ್ತು. ಬೇಕರಿ ತಿಂಡಿ, ಸಂಜೆಯ ಪಾರ್ಸೆಲ್‌ಗಳನ್ನು ದಿನಸಿಯ ಹಣದಲ್ಲೇ ಲೆಕ್ಕ ಹಾಕುತ್ತಿದ್ದರೆ ಅವಕ್ಕೆ ಬೇರೆ ಸಾಲು, ಬೇರೆ ಮೊತ್ತ ಇಡಿ.

ಹಾಲು, ತರಕಾರಿ, ಹಣ್ಣು ದಿನದಿನದ ಖರ್ಚು. ಇವನ್ನು ತಿಂಗಳಿಗೆ ಒಟ್ಟಾಗಿ ಹಿಡಿದರೆ ಮೊದಲ ವಾರದ ಧಾರಾಳ ಕೊನೆಯ ವಾರವನ್ನು ನುಂಗುತ್ತದೆ. ಪ್ರತಿ ಸೋಮವಾರ ಆ ವಾರದ ಹಣವನ್ನಷ್ಟೇ ಹೊರಗೆ ತೆಗೆಯುವುದು ಒಳ್ಳೆಯದು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ದಿನಕ್ಕೆ ಎರಡು ಲೀಟರ್ ಕೊಳ್ಳುವ ಮನೆಗೆ ತಿಂಗಳಿಗೆ 240 ರೂಪಾಯಿ ಹೊಸ ಖರ್ಚು ಬಿತ್ತು. ಹಳೆಯ ಮೊತ್ತವನ್ನೇ ಇಟ್ಟುಕೊಂಡಿದ್ದವರಿಗೆ ಪ್ರತಿ ತಿಂಗಳೂ ಅಷ್ಟು ಕೊರತೆ ಬಿದ್ದೇ ಬೀಳುತ್ತದೆ.

ಇನ್ನು ವರ್ಷಕ್ಕೊಮ್ಮೆ ಬರುವ ಖರ್ಚುಗಳಿವೆ. ಬ್ಯಾಡಗಿ ಮೆಣಸಿನಕಾಯಿ, ಹೊಸ ಹುಣಸೆಹಣ್ಣು ಬೇಸಿಗೆಯ ಹೊತ್ತಿಗೆ ಬರುತ್ತವೆ. ವರ್ಷದ ಖಾರದ ಪುಡಿ, ಸಾರಿನ ಪುಡಿ, ಹಪ್ಪಳ, ಸಂಡಿಗೆ ಆಗಲೇ ಆಗಬೇಕು. ಗೌರಿ–ಗಣೇಶ, ದಸರಾ, ದೀಪಾವಳಿ ಒಂದರ ಹಿಂದೊಂದು ಬಂದು ಬೆಲ್ಲ, ತುಪ್ಪ, ಕಡಲೆಬೇಳೆಗಳ ಅಳತೆಯನ್ನು ಏರಿಸುತ್ತವೆ. ಇವು ಪಂಚಾಂಗದಲ್ಲೇ ಇರುವ ಖರ್ಚುಗಳು. ಇವೆಲ್ಲ ಸೇರಿ ವರ್ಷಕ್ಕೆ ಆರು ಸಾವಿರ ರೂಪಾಯಿ ಹೆಚ್ಚುವರಿ ಬೀಳುತ್ತದೆ ಎಂದಾದರೆ, ತಿಂಗಳಿಗೆ 500ರಂತೆ ಬೇರೆ ಡಬ್ಬಿಯಲ್ಲಿ ಹಾಕಿಡಬೇಕು. ಹಾಗೆ ಮಾಡದ ಮನೆಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳಾದರೂ ಲೆಕ್ಕ ತಪ್ಪುತ್ತದೆ.

ಕೊನೆಯದಾಗಿ, ಬಜೆಟ್ಟು ಬಿಗಿಯಾದಾಗ ಅದರ ಹೊರೆ ಯಾರ ತಟ್ಟೆಗೆ ಬೀಳುತ್ತದೆ ಎಂಬುದನ್ನೂ ನೋಡಲೇಬೇಕು. ಮಕ್ಕಳಿಗೆ, ದುಡಿದು ಬಂದವರಿಗೆ ಬಡಿಸಿ ಉಳಿದದ್ದನ್ನು ಉಣ್ಣುವ ಅಮ್ಮನ ಹಾಲು, ಅಮ್ಮನ ಮೊಟ್ಟೆ ಸದ್ದಿಲ್ಲದೆ ನಿಂತುಹೋಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಚೀಟಿಯಲ್ಲಿ ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆಯ ಅಳತೆಯನ್ನು ಮನೆಯ ಎಲ್ಲರ ಹೆಸರಿಗೂ ಲೆಕ್ಕ ಹಾಕಿ ಬರೆಯಬೇಕು, ಅಡುಗೆ ಮಾಡುವವರ ಹೆಸರೂ ಅದರಲ್ಲಿರಬೇಕು. ಹಣ ಸಾಲದೆ ಬಂದರೆ ಮೊದಲು ಕತ್ತರಿ ಬೀಳಬೇಕಾದದ್ದು ಪಾರ್ಸೆಲ್ ಮತ್ತು ಬೇಕರಿಗೆ, ಆಮೇಲೆ ಸಕ್ಕರೆ ಮತ್ತು ಕರಿಯುವ ಎಣ್ಣೆಗೆ. ಅಷ್ಟಾದರೂ ಸಾಲದಿದ್ದರೆ ಆ ಮನೆಗೆ ಎಂಟು ಸಾವಿರ ಎಂಬ ಮೊತ್ತವೇ ಕಡಿಮೆ. ಮುಂದಿನ ತಿಂಗಳು ಅದನ್ನು ಏರಿಸಿಯೇ ಬರೆಯಬೇಕು.