ದೇವರು ಅಂಗಲಾಚಿದರೆ ಏನಾಯ್ತು?

"ಪಾರಿಜಾತದೊಳಗ ಕೃಷ್ಣನ್ನ ಅಷ್ಟು ಹಗುರ ಮಾಡ್ತಾರಲ್ರೀ, ದೇವರಿಗೆ ಮರ್ಯಾದಿ ಬ್ಯಾಡೇನು?" ಅಂತ ಗೆಳೆಯರೊಬ್ಬರು ಕೇಳಿದರು. ನಮ್ಮ ರಬಕವಿ-ಬನಹಟ್ಟಿ ಕಡೆ ಹಳಬರಿಗೆ ಈ ಪ್ರಶ್ನೆಯೇ ಅರ್ಥ ಆಗಲಿಕ್ಕಿಲ್ಲ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹಾಡಿ ಹೆಸರು ಮಾಡಿದ ಶ್ರೀಕೃಷ್ಣ ಪಾರಿಜಾತ ನಿಂತಿರೋದೇ ಒಂದು ಹೂವಿನ ಜಗಳದ ಮೇಲೆ. ನಾರದ ತಂದ ಹೂವು ರುಕ್ಮಿಣಿಗೆ ಹೋಗುತ್ತೆ, ಸತ್ಯಭಾಮೆ ಮುನಿಯುತ್ತಾಳೆ, ಜಗದೊಡೆಯ ಅನ್ನಿಸಿಕೊಂಡವನು ಆಕೆಯ ಮುಂದೆ ಅಂಗಲಾಚುತ್ತಾನೆ. ನಡುನಡುವೆ ಭಾಗವತ ಬೇರೆ ಕಾಲೆಳೆಯುತ್ತಾನೆ. ಇಷ್ಟೆಲ್ಲ ಶುರುವಾಗೋದು ದೇವರ ಸ್ತುತಿಯಿಂದ, ನೆನಪಿರಲಿ.

ಗ್ರೀಕರೂ ಹೀಗೇ ಇದ್ದರು. ಕ್ರಿ.ಪೂ. 405ರಲ್ಲಿ ಆಡಿದ ಅರಿಸ್ಟೋಫನೀಸನ 'ಕಪ್ಪೆಗಳು' ನಾಟಕದಲ್ಲಿ ಡಯೋನೈಸಸ್ ಪುಕ್ಕಲ. ನಿಜವಾದ ದೇವರು ಯಾರು, ಆಳು ಯಾರು ಅಂತ ತಿಳಿಯೋಕೆ ಇಬ್ಬರಿಗೂ ಬಾಸುಂಡೆ ಬರೋ ಹಾಗೆ ಬಾರಿಸುತ್ತಾರೆ. ಹೆದರಿಕೆ ಹತ್ತಿದಾಗ ಆ ದೇವರು ಪ್ರೇಕ್ಷಕರ ನಡುವೆ ಕೂತ ತನ್ನದೇ ಪೂಜಾರಿಯನ್ನು "ಕಾಪಾಡಪ್ಪಾ" ಅನ್ನುತ್ತಾನೆ! ಇದು ನಡೆದದ್ದು ಅವನದೇ ಹಬ್ಬದಲ್ಲಿ.

ಆದರೆ ಗ್ರೀಕ್ ದೇವತೆಗಳಿಗೂ ನಮ್ಮ ಕೃಷ್ಣನಿಗೂ ಒಂದು ದೊಡ್ಡ ಅಂತರ ಇದೆ. ಯೂರಿಪಿಡೀಸನ 'ಹಿಪ್ಪೊಲಿಟಸ್'ನಲ್ಲಿ (ಕ್ರಿ.ಪೂ. 428) ಭಕ್ತ ಸಾಯುತ್ತಾ ಬಿದ್ದಿದ್ದರೆ ಆರ್ಟೆಮಿಸ್ ದೇವಿ, ನನಗೆ ಕಣ್ಣೀರು ಹಾಕೋ ಹಾಗಿಲ್ಲ, ಸಾವು ನೋಡೋ ಹಾಗಿಲ್ಲ ಅಂತ ಹೊರಟೇಬಿಡುತ್ತಾಳೆ. ಸೊಫೊಕ್ಲೀಸನ 'ಅಜಾಕ್ಸ್'ನಲ್ಲಿ ಅಥೀನಾ ವೀರನಿಗೆ ಹುಚ್ಚು ಹಿಡಿಸಿ ತಮಾಷೆ ನೋಡುತ್ತಾಳೆ. (ಬಿ.ಎಂ.ಶ್ರೀ. 1929ರಲ್ಲಿ 'ಅಶ್ವತ್ಥಾಮನ್' ಬರೆದದ್ದು ಇದೇ ನಾಟಕವನ್ನು ಮಹಾಭಾರತಕ್ಕೆ ಕಸಿ ಮಾಡಿ.) ಸೌಂದರ್ಯ, ಶಕ್ತಿ ಎಲ್ಲ ಇದೆ, ಕರುಣೆ ಇದ್ದರುಂಟು ಇಲ್ಲದಿದ್ದರಿಲ್ಲ.

ಕ್ರೈಸ್ತರ ದೇವರು ಪೂರ್ತಿ ಬೇರೆ. ಲಾಜರನ ಸಮಾಧಿ ಹತ್ತಿರ ಯೇಸು ಅಳುತ್ತಾನೆ. ಶಿಲುಬೆಗೆ ಏರಿಸುವ ಮುಂಚೆ ಸೈನಿಕರು ಮುಳ್ಳಿನ ಕಿರೀಟ ಇಟ್ಟು ಗೇಲಿ ಮಾಡುತ್ತಾರೆ. ಅಲ್ಲಿ ನಗುವವರು ಪಾಪಿಗಳು, ಭಕ್ತರು ಅಳುವವರು. ದೇವರು ಪರಿಪೂರ್ಣ ಒಳ್ಳೆಯವನು ಅಂದಮೇಲೆ ನಗೋಕೆ ಜಾಗ ಎಲ್ಲಿ? ಹಾಗಾಗಿಯೇ ಒಳ್ಳೆಯವರಿಗೆ ಕಷ್ಟ ಯಾಕೆ ಅನ್ನೋ ಯೋಬನ ಪ್ರಶ್ನೆ ಅಲ್ಲಿ ಅಷ್ಟು ಭಾರ. ಅಥೀನಾಳನ್ನು ಹಾಗೆ ಕೇಳೋರು ಕಡಿಮೆ; ಆಕೆ ಒಳ್ಳೆಯವಳು ಅಂತ ಯಾರೂ ಮಾತು ಕೊಟ್ಟಿರಲಿಲ್ಲವಲ್ಲ!

ಪಾರಿಜಾತದ ಕೃಷ್ಣ ಅರ್ಧ ಅಲ್ಲಿಯವನು, ಅರ್ಧ ಇಲ್ಲಿಯವನು. ಗ್ರೀಕರ ದೇವರಂತೆ ನಗೆಗೆ ಸಿಗುತ್ತಾನೆ, ಆದರೆ ಬಿಟ್ಟುಹೋಗುವವನಲ್ಲ. ಮುನಿದವಳ ಮುಂದೆ ನಿಲ್ಲುತ್ತಾನೆ.

ಹಾಗಾದರೆ ಗೆಳೆಯರ ಸಿಟ್ಟು ಎಲ್ಲಿಂದ ಬಂತು? ನನ್ನ ಗುಮಾನಿ ಏನಂದ್ರೆ, ಇದು ಪಾರಿಜಾತದ ಕಾಲದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಿಷನರಿಗಳು ಕೃಷ್ಣನ ಲೀಲೆ ಹಿಡಿದು ಹಂಗಿಸಿದರು. ಓದಿದ ಹಿಂದೂಗಳಿಗೆ ನಾಚಿಕೆಯಾಯಿತು. 1886ರಲ್ಲಿ ಪುಸ್ತಕವಾಗಿ ಬಂದ 'ಕೃಷ್ಣಚರಿತ್ರ'ದಲ್ಲಿ ಬಂಕಿಮಚಂದ್ರರು ಲೀಲೆಗಳನ್ನೆಲ್ಲ ತಳ್ಳಿಹಾಕಿ ಕಳಂಕವೇ ಇಲ್ಲದ ಕೃಷ್ಣನನ್ನು ನಿಲ್ಲಿಸಿದರು. ಮರ್ಯಾದಸ್ತ ದೇವರು ಬೇಕು ಅನ್ನೋರು ಹಂಗಿಸಿದವರ ಅಳತೆಗೋಲನ್ನೇ ಹಿಡಿದಿದ್ದಾರೆ ಅಂತ ನನಗನ್ನಿಸುತ್ತೆ. ನಮ್ಮ ಆಟದವರು ಬಂಕಿಮರನ್ನು ಓದಲಿಲ್ಲ, ಪುಣ್ಯ!

ನಿಮ್ಮೂರ ಕಡೆ ಆಟದಲ್ಲಿ ಯಾವ ದೇವರನ್ನ ಹೀಗೆ ಕಾಡಿಸ್ತಾರೆ? ಬರೀರಿ.