ಸ್ಥಾಲೀಪುಲಾಕನ್ಯಾಯವೂ ಸಂಖ್ಯಾಶಾಸ್ತ್ರದ ಬೋಧನೆಯೂ

ಅನ್ನವು ಬೆಂದಿದೆಯೇ ಎಂದು ತಿಳಿಯಲು ಗಡಿಗೆಯ ಅಗುಳುಗಳನ್ನೆಲ್ಲ ಹಿಸುಕಿ ನೋಡುವವರಿಲ್ಲ. ಒಂದೆರಡನ್ನು ಮುಟ್ಟಿದರೆ ಸಾಕು. ಇದನ್ನೇ ಹಿರಿಯರು ಸ್ಥಾಲೀಪುಲಾಕನ್ಯಾಯವೆಂದರು. ಸರ್ಕಾರದ ಸಮೀಕ್ಷೆಗಳಿಗೂ ಇದೇ ಆಧಾರವು. 2022-23ರ ಕೌಟುಂಬಿಕ ವೆಚ್ಚದ ಸಮೀಕ್ಷೆಯಲ್ಲಿ ವಿಚಾರಿಸಲ್ಪಟ್ಟ ಮನೆಗಳು 2,61,746 ಮಾತ್ರ. ಇಡೀ ದೇಶದ ಅನುಭೋಗದ ಲೆಕ್ಕವು ಅವುಗಳಿಂದಲೇ ಹೊರಟಿತು. ಆದರೆ ಒಂದೇ ಗಡಿಗೆಯ ಅಗುಳುಗಳಂತೆ ಮನುಷ್ಯರೆಲ್ಲರೂ ಒಂದೇ ಹದದವರಲ್ಲ. ಒಂದು ಹಿಡಿಗೂ ಮತ್ತೊಂದು ಹಿಡಿಗೂ ವ್ಯತ್ಯಾಸ ಬಂದೇ ಬರುವುದು. ಆ ವ್ಯತ್ಯಾಸವು ಯಾವ ನಿಯಮಕ್ಕೆ ಅಧೀನವಾಗಿದೆಯೆಂಬುದೇ ಪ್ರತಿಚಯನ ವಿತರಣೆಯ ವಿಚಾರ.

ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳ ವಿದ್ಯಾರ್ಥಿಗಳಿಗೆ ಇದನ್ನು ಬರಿಯ ಸೂತ್ರರೂಪದಲ್ಲಿ ಉಪದೇಶಿಸುವುದರಿಂದ ಪ್ರಯೋಜನವಿಲ್ಲವೆಂಬುದು ನಮ್ಮ ಅಭಿಪ್ರಾಯ. ಅರ್ಥವರಿಯದೆ ಮಂತ್ರವನ್ನು ಉರುಹೊಡೆದವನಿಗೂ ಇವರಿಗೂ ಭೇದವೇನು? ಉಪಾಯವು ಸುಲಭವಾಗಿದೆ. ಒಂದು ಸಾವಿರ ಹುಣಿಸೆಬೀಜಗಳಲ್ಲಿ 400ಕ್ಕೆ ಸುಣ್ಣ ಬಳಿದು, ಎಲ್ಲವನ್ನೂ ಚೆನ್ನಾಗಿ ಕಲಸಿ ಡಬ್ಬದಲ್ಲಿಡಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಕಣ್ಣುಮುಚ್ಚಿ 25 ಬೀಜಗಳನ್ನು ತೆಗೆದು, ಬಿಳಿಯವನ್ನೆಣಿಸಿ, ಮರಳಿ ಹಾಕಲಿ. ಒಬ್ಬನಿಗೆ 8, ಇನ್ನೊಬ್ಬನಿಗೆ 12 ಬಂದೀತು. ಉತ್ತರಗಳನ್ನೆಲ್ಲ ಹಲಗೆಯ ಮೇಲೆ ಗುರುತಿಸಿದರೆ ಅವು 10ರ ಸುತ್ತ ಗುಡ್ಡದಂತೆ ಕೂಡುವುವು. 4, 16ರಂಥವು ವಿರಳ. ಬಳಿಕ 25ಕ್ಕೆ ಬದಲು ನೂರು ತೆಗೆಯಿಸಿದರೆ, ಶೇಕಡಾವಾರು ಲೆಕ್ಕದಲ್ಲಿ ಏರಿಳಿತವು ಸುಮಾರು ಅರ್ಧಕ್ಕೆ ಇಳಿಯುವುದು. ನಾಲ್ಕು ಪಟ್ಟು ಶ್ರಮಕ್ಕೆ ಎರಡು ಪಟ್ಟು ನಿಖರತೆ ಎಂಬ ತತ್ತ್ವವು ಹೀಗೆ ಕಣ್ಣಿಗೆ ಕಟ್ಟುವುದು.

ಇದು ಮಕ್ಕಳಾಟವೆಂದು ಮೂಗುಮುರಿಯುವವರು ಡಬ್ಲಿನ್ನಿನ ಗಿನ್ನೆಸ್ ಮದ್ಯಶಾಲೆಯ ಉದ್ಯೋಗಿ ಗೋಸೆಟ್ಟನನ್ನು ಸ್ಮರಿಸಲಿ. 'ಸ್ಟೂಡೆಂಟ್' ಎಂಬ ಅಂಕಿತದಲ್ಲಿ 1908ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನಕ್ಕಾಗಿ ಆತನು 3000 ಅಪರಾಧಿಗಳ ಅಳತೆಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪುಮಾಡಿ ತನ್ನ ಸಿದ್ಧಾಂತವನ್ನು ಒರೆಗೆ ಹಚ್ಚಿದನು. ಶಾಸ್ತ್ರಕಾರನಿಗೆ ಅವಮಾನವಲ್ಲದ ಕೆಲಸವು ವಿದ್ಯಾರ್ಥಿಗೆ ಅವಮಾನವೇ?

ಕಲಸದೆ ತೆಗೆದರೆ ಆಗುವ ಅನರ್ಥವನ್ನೂ ಡಬ್ಬವೇ ಕಲಿಸುವುದು. ಬಿಳಿಯ ಬೀಜಗಳನ್ನು ತಳದಲ್ಲಿಟ್ಟು ಮೇಲ್ಪದರದಿಂದಲೇ ತೆಗೆಯಿಸಿದರೆ, ಇನ್ನೂರು ತೆಗೆದರೂ ಉತ್ತರ ಸುಳ್ಳು. 1936ರಲ್ಲಿ ಅಮೆರಿಕೆಯ 'ಲಿಟರರಿ ಡೈಜೆಸ್ಟ್' ಪತ್ರಿಕೆಯು ಟೆಲಿಫೋನು, ಮೋಟಾರುಗಳುಳ್ಳವರ ಪಟ್ಟಿಗಳನ್ನು ಬಹುವಾಗಿ ನೆಚ್ಚಿ, ಇಪ್ಪತ್ತು ಲಕ್ಷಕ್ಕೂ ಮೀರಿದ ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುವನೆಂದು ಸಾರಿತು. 48 ಸಂಸ್ಥಾನಗಳಲ್ಲಿ 46ನ್ನು ಗೆದ್ದವನು ರೂಸ್‌ವೆಲ್ಟ್.

ಕಂಪ್ಯೂಟರು ಇಂಥ ಸಾವಿರ ಹಿಡಿಗಳನ್ನು ಕ್ಷಣದಲ್ಲಿ ತೆಗೆಯಬಲ್ಲದು, ಬೀಜವೇಕೆ ಎಂದು ಕೇಳಬಹುದು. ಕಂಪ್ಯೂಟರು ಬರಲಿ, ಆದರೆ ಕೈ ಮೊದಲು, ಯಂತ್ರ ಅನಂತರ. ಕೈಯಿಂದ ಒಮ್ಮೆ ತೆಗೆದವನಿಗೇ ಯಂತ್ರವು ಮಾಡುತ್ತಿರುವುದೇನೆಂದು ತಿಳಿಯುವುದು. ಪಾಠದ ವೇಳೆಯಲ್ಲಿ ಇದಕ್ಕೆ ತಗಲುವುದು ಒಂದೆರಡು ಗಂಟೆ ಮಾತ್ರ.

ಇಂದಿನ ವಿದ್ಯಾರ್ಥಿಗಳೇ ನಾಳಿನ ಅಧಿಕಾರಿಗಳು. ನೂರು ಮನೆಗಳ ವಿಚಾರಣೆಯಲ್ಲಿ ಬಡವರು ಕಳೆದ ವರ್ಷ 40, ಈ ವರ್ಷ 36 ಎಂದು ಕಂಡೊಡನೆ ಬಡತನ ಇಳಿಯಿತೆಂದು ಪಡಿತರವನ್ನು ಕತ್ತರಿಸುವ ಅಧಿಕಾರಿಯು, ಹಿಡಿಯ ಏರಿಳಿತವನ್ನೇ ಊರಿನ ಏಳಿಗೆಯೆಂದು ಭ್ರಮಿಸಿದವನು. ಅವನ ಭ್ರಮೆಯ ದಂಡವನ್ನು ತೆರುವವರು ಹಸಿದವರು. ಒಂದು ಡಬ್ಬ ಹುಣಿಸೆಬೀಜದಿಂದ ಈ ಅನ್ಯಾಯವು ತಪ್ಪುವಂತಿದ್ದರೆ ಕಾಲೇಜುಗಳು ಅದನ್ನು ಕೂಡಿಸಿಕೊಳ್ಳಲು ಹಿಂಜರಿಯಬಾರದು.