ನಾಲೆಗೆ ಬಿದ್ದ ಕಾರು, ತೆರೆಯದ ಬಾಗಿಲು

ಮಂಡ್ಯ ಜಿಲ್ಲೆಯಲ್ಲಿ ‘ನಾಲೆಗೆ ಬಿದ್ದ ಕಾರು’ ಎಂಬ ತಲೆಬರಹ ಈಗ ಓದುಗರನ್ನು ಬೆಚ್ಚಿಬೀಳಿಸುವ ಶಕ್ತಿಯನ್ನೇ ಕಳೆದುಕೊಂಡಿದೆ. 2023ರ ಜುಲೈ ಅಂತ್ಯದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಕಾರು ಬಿದ್ದು ನಾಲ್ವರು ಮಹಿಳೆಯರು ಅಸುನೀಗಿದರು. ಅದೇ ವರ್ಷದ ನವೆಂಬರ್ 7ರಂದು ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಅದೇ ನಾಲೆಗೆ ಮತ್ತೊಂದು ಕಾರು ಉರುಳಿ ಐವರು ಜಲಸಮಾಧಿಯಾದರು. 2025ರ ಫೆಬ್ರುವರಿಯಲ್ಲಿ ಮಂಡ್ಯದ ಸಮೀಪ ಮಾಚಹಳ್ಳಿಯ ಬಳಿ ಇನ್ನೊಂದು ಕಾರು.

ಪ್ರತಿ ಸಲವೂ ಮುಂದಿನ ದೃಶ್ಯಾವಳಿ ಒಂದೇ. ಕ್ರೇನು ಬರುತ್ತದೆ, ಏರಿಯ ಮೇಲೆ ಜನ ಕಿಕ್ಕಿರಿಯುತ್ತಾರೆ, ಕೆಸರು ನೀರು ಸುರಿಸುತ್ತ ಕಾರು ಮೇಲೇಳುತ್ತದೆ, ಜನಪ್ರತಿನಿಧಿಗಳು ತಡೆಗೋಡೆಯ ಭರವಸೆ ಕೊಟ್ಟು ನಿರ್ಗಮಿಸುತ್ತಾರೆ. ತಡೆಗೋಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲೆ ಬಂದ ಕಾರಿನ ಬಾಗಿಲುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅವು ಮುಚ್ಚಿಯೇ ಇದ್ದವೆ? ಗಾಜು ಏರಿಸಿಯೇ ಇತ್ತೆ? ಒಳಗಿದ್ದವರು ಯಾವ ಗುಂಡಿಗಾಗಿ ತಡಕಾಡಿದರು? ಕಾರು ನೀರಿಗೆ ಬೀಳುವುದಕ್ಕೂ ಪೂರ್ತಿ ಮುಳುಗುವುದಕ್ಕೂ ನಡುವೆ ಒಂದೆರಡು ನಿಮಿಷಗಳಿರುತ್ತವೆ. ಆ ನಿಮಿಷಗಳು ನೀರಾವರಿ ಇಲಾಖೆಗೂ ಸೇರಿಲ್ಲ, ಸಾರಿಗೆ ಇಲಾಖೆಗೂ ಸೇರಿಲ್ಲ, ಕಾರು ಮಾರಿದವರಿಗಂತೂ ಸೇರಿಯೇ ಇಲ್ಲ.

ಈ ಜಿಲ್ಲೆಯನ್ನು ಕಟ್ಟಿದ್ದೇ ನಾಲೆ. ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು, ಹುಲಿಕೆರೆಯ ಸುರಂಗವನ್ನು ಹಾದು, 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆ ಎಂಬ ಹೆಸರಿನಿಂದ ಹರಿಯತೊಡಗಿದ ಈ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಬೆದ್ದಲನ್ನು ಗದ್ದೆ ಮಾಡಿತು. 1933ರಲ್ಲಿ ಸಕ್ಕರೆ ಕಂಪನಿ ಬಂದಿತು, 1939ರಲ್ಲಿ ಜಿಲ್ಲೆಯೇ ಬಂದಿತು. ಮುಖ್ಯ ನಾಲೆ, ಶಾಖಾ ನಾಲೆ, ವಿತರಣಾ ನಾಲೆಗಳ ದಂಡೆಯ ಮೇಲೆ ಇಂಜಿನಿಯರುಗಳ ತಪಾಸಣೆಗಾಗಿ ಮಾಡಿದ ಏರಿಯೇ ಕಾಲಕ್ರಮದಲ್ಲಿ ಊರಿಂದೂರಿಗೆ ಹೋಗುವ ರಸ್ತೆಯಾಯಿತು. ಎತ್ತಿನ ಗಾಡಿಗೂ ಇಂಜಿನಿಯರ ಜೀಪಿಗೂ ಸಾಕಾಗಿದ್ದ ಆ ಅಗಲದಲ್ಲಿ ಈಗ ಕಬ್ಬು ತುಂಬಿದ ಟ್ರ್ಯಾಕ್ಟರು, ಖಾಸಗಿ ಬಸ್ಸು, ಬೆಂಗಳೂರಿನಿಂದ ಮುತ್ತತ್ತಿಗೋ ಗಗನಚುಕ್ಕಿಗೋ ಹೊರಟ ಕಾರು ಎಲ್ಲವೂ ಎದುರುಬದುರಾಗಬೇಕು. ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರನ್ನು ಕತ್ತಲಲ್ಲಿ ಕಡೇ ಕ್ಷಣಕ್ಕೆ ಕಂಡು ಸ್ಟೇರಿಂಗ್ ಎಳೆದವನಿಗೆ ಒಂದು ಕಡೆ ಗದ್ದೆ, ಇನ್ನೊಂದು ಕಡೆ ನೀರು. ಯಾವ ಕಡೆಗೆ ಎಳೆದನೆಂಬುದೇ ಅವನ ಹಣೆಬರಹ.

ಬಾಗಿಲಿನ ಪಾಠವನ್ನು ಜಿಲ್ಲೆ ಅತ್ಯಂತ ಕ್ರೂರವಾಗಿ ಕಲಿತದ್ದು 2018ರ ನವೆಂಬರ್ 24ರಂದು. ಅಂಬರೀಷ್ ನಿಧನರಾದದ್ದೂ ಅದೇ ದಿನ ರಾತ್ರಿಯಾದ್ದರಿಂದ ಮಂಡ್ಯದವರಿಗೆ ಆ ದಿನಾಂಕವನ್ನು ನೆನಪಿಸಬೇಕಾಗಿಲ್ಲ. ಶನಿವಾರದ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ, ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಸೇರಿದಂತೆ 30 ಮಂದಿ ಮೃತಪಟ್ಟರು. ಬಸ್ಸು ಬಾಗಿಲಿನ ಮಗ್ಗುಲಾಗಿ ಬಿದ್ದದ್ದರಿಂದ ಹೊರಬರಲು ದಾರಿಯೇ ಇಲ್ಲವಾಯಿತೆಂದು ಆಗ ವರದಿಯಾಗಿತ್ತು. ಆ ಬಳಿಕದ ಚರ್ಚೆಯೆಲ್ಲ ಚಾಲಕನ ವೇಗ, ಬಸ್ಸಿನ ವಯಸ್ಸು, ಏರಿಯ ಗೋಡೆ ಇವುಗಳ ಸುತ್ತಲೇ ಸುತ್ತಿತು. ಒಳಗಿನಿಂದ ಹೊರಗೆ ಬರುವ ದಾರಿ ಯಾವುದು ಎಂಬ ಪ್ರಶ್ನೆ ನೀರಿನಲ್ಲೇ ಉಳಿಯಿತು.

ಕಾರಿನ ಲೆಕ್ಕ ಬಸ್ಸಿನಂತಲ್ಲ. ನೀರಿಗೆ ಬಿದ್ದ ಕಾರು ಕಲ್ಲಿನಂತೆ ಒಮ್ಮೆಗೇ ಮುಳುಗುವುದಿಲ್ಲ. ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷದವರೆಗೆ ತೇಲುತ್ತದೆ. ಇಂಜಿನ್ನಿನ ಭಾರಕ್ಕೆ ಮೂತಿ ಮೊದಲು ಇಳಿಯುತ್ತದೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಮನುಷ್ಯರನ್ನು ಒಳಗೆ ಕೂರಿಸಿ ವಾಹನಗಳನ್ನು ನೀರಿಗಿಳಿಸಿ ನಡೆಸಿದ ಪ್ರಯೋಗಗಳ ಸಾರ ಇಷ್ಟೆ: ಮೊದಲ ಒಂದು ನಿಮಿಷದಲ್ಲಿ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮುಂದೆ ದೂಡಿ, ಕಿಟಕಿಯಿಂದಲೇ ಹೊರಬರಬೇಕು. ಬಾಗಿಲಿನ ಗೊಡವೆಗೆ ಹೋಗಬಾರದು. ಒಂದು ಚದರ ಮೀಟರಿನಷ್ಟು ಬಾಗಿಲಿನ ಮೇಲೆ ಸರಾಸರಿ ಅರ್ಧ ಮೀಟರ್ ಆಳದ ನೀರು ಒತ್ತಿದರೂ ಅದು 500 ಕಿಲೋ ಭಾರಕ್ಕೆ ಸಮ. ಹಾಗೊಮ್ಮೆ ಬಾಗಿಲು ತೆರೆದರೂ ನೀರು ನುಗ್ಗಿ ಕಾರು ಕ್ಷಣಾರ್ಧದಲ್ಲಿ ತಳ ಸೇರುತ್ತದೆ. ಒಳಗೆ ನೀರು ತುಂಬಿ ಒತ್ತಡ ಸಮನಾಗುವವರೆಗೆ ಕಾಯಬೇಕು ಎಂಬ ಹಳೆಯ ಸಲಹೆಯನ್ನು ನಂಬಿದವರು ಕಾಯುತ್ತಲೇ ಉಳಿಯುತ್ತಾರೆ. ಫೋನು ಕೈಗೆತ್ತಿಕೊಂಡು ಮನೆಯವರಿಗೆ ಕರೆ ಮಾಡುವುದೂ ಅಂಥದ್ದೇ ತಪ್ಪು.

ಇಲ್ಲಿಯೇ ನಮ್ಮ ಕಾರುಗಳ ಬೀಗದ ವ್ಯವಸ್ಥೆ ಎದುರಾಗುತ್ತದೆ. ಇಂದಿನ ಅನೇಕ ಕಾರುಗಳು ಹೊರಟು ಒಂದಷ್ಟು ವೇಗ ಹಿಡಿದೊಡನೆ ನಾಲ್ಕೂ ಬಾಗಿಲುಗಳಿಗೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಮಗು ಬಾಗಿಲು ತೆಗೆದು ಬೀಳದಿರಲಿ, ಸಿಗ್ನಲ್ಲಿನಲ್ಲಿ ಕಳ್ಳ ಒಳನುಗ್ಗದಿರಲಿ ಎಂಬುದು ಉದ್ದೇಶ, ಉದ್ದೇಶ ಸರಿಯೇ. ಡಿಕ್ಕಿಯಾಗಿ ಗಾಳಿಚೀಲ ಬಿಚ್ಚಿಕೊಂಡರೆ ಬೀಗ ತಾನಾಗಿ ತೆರೆಯುವ ಏರ್ಪಾಟೂ ಹಲವು ಮಾದರಿಗಳಲ್ಲಿದೆ. ಆದರೆ ಏರಿಯಿಂದ ಮೆಲ್ಲನೆ ಜಾರಿ ನೀರಿಗಿಳಿದ ಕಾರಿನಲ್ಲಿ ಅಂಥ ಪೆಟ್ಟೇ ಬೀಳದಿರಬಹುದು. ಆಗ ಬೀಗ ತನ್ನ ಪಾಡಿಗೆ ಬಿಗಿದುಕೊಂಡೇ ಇರುತ್ತದೆ. ಹಿಂದಿನ ಬಾಗಿಲುಗಳಲ್ಲಿ ಚೈಲ್ಡ್ ಲಾಕ್ ಎಂಬ ಸಣ್ಣ ಕೊಂಡಿ ಬೇರೆ. ಬಾಗಿಲು ತೆರೆದಾಗ ಮಾತ್ರ ಅದರ ಅಂಚಿನಲ್ಲಿ ಕಾಣುವ ಅದನ್ನು ಮಗು ಮೂರು ವರ್ಷದ್ದಿದ್ದಾಗ ಒತ್ತಿದವರು ಮಗು ಹೈಸ್ಕೂಲು ಸೇರಿದರೂ ಬಿಚ್ಚಿರುವುದಿಲ್ಲ. ಹಿಂದೆ ಕುಳಿತ ಅಜ್ಜಿ ಒಳಗಿನ ಹಿಡಿಯನ್ನು ಎಷ್ಟು ಎಳೆದರೂ ಆ ಬಾಗಿಲು ತೆರೆಯುವುದಿಲ್ಲ. ಹಿಂದಿನ ಕಿಟಕಿಗಳನ್ನು ಸ್ತಬ್ಧಗೊಳಿಸುವ ಇನ್ನೊಂದು ಗುಂಡಿ ಚಾಲಕನ ಬಳಿ ಇದೆ. ಅದನ್ನು ಒತ್ತಿಟ್ಟಿದ್ದೇವೆಯೋ ಇಲ್ಲವೋ ಎಂದು ಈ ಲೇಖನ ಓದುತ್ತಿರುವವರಲ್ಲಿ ಎಷ್ಟು ಮಂದಿ ಖಚಿತವಾಗಿ ಹೇಳಬಲ್ಲರು?

ಕಾನೂನು ಈ ಅಪಾಯವನ್ನು ಗಮನಿಸಿಲ್ಲವೆಂದಲ್ಲ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನ ಗಾಳಿಚೀಲ, ವೇಗದ ಎಚ್ಚರಿಕೆ, ಸೀಟ್ ಬೆಲ್ಟ್ ನೆನಪಿಸುವ ಸದ್ದು, ಹಿಂದಕ್ಕೆ ಚಲಿಸುವಾಗಿನ ಸೆನ್ಸರ್ ಇವುಗಳ ಜೊತೆಗೆ, ಸೆಂಟ್ರಲ್ ಲಾಕಿಂಗ್ ಕೈಕೊಟ್ಟಾಗ ಕೈಯಿಂದಲೇ ಬೀಗ ತೆರೆಯುವ ವ್ಯವಸ್ಥೆಯನ್ನೂ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಕೂಡದೆಂಬ ನಿಯಮವೂ ಅದೇ ದಿನದಿಂದ ಜಾರಿಗೆ ಬಂದಿತು. ಅದರ ಹಿಂದೆ ಇದ್ದದ್ದು ಮಹಿಳಾ ಪ್ರಯಾಣಿಕರ ಸುರಕ್ಷತೆಯ ಕಾಳಜಿ. ಗಾಳಿಚೀಲದ ಬಗ್ಗೆ ಜಾಹೀರಾತು ಬಂದಷ್ಟು ಈ ಕೈಬೀಗದ ಬಗ್ಗೆ ಬರಲಿಲ್ಲ. ಕೆಲವು ಕಾರುಗಳಲ್ಲಿ ಒಳಹಿಡಿಯನ್ನು ಎರಡು ಬಾರಿ ಎಳೆದರೆ ಬಾಗಿಲು ತೆರೆಯುತ್ತದೆ. ಕೆಲವದರಲ್ಲಿ ಗುಬುಟು ಎತ್ತಬೇಕು. ಇದೆಲ್ಲ ಕೈಪಿಡಿಯಲ್ಲಿ ಇದೆ. ಕೈಪಿಡಿ ಪ್ಲಾಸ್ಟಿಕ್ ಚೀಲದೊಳಗೆ, ಚೀಲ ಡ್ಯಾಶ್‌ಬೋರ್ಡಿನೊಳಗೆ. ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಮರೆಯದ ನಾವು ಆ ಚೀಲವನ್ನು ಬಿಚ್ಚಲು ಮರೆಯುತ್ತೇವೆ.

ಹಾಗಾದರೆ ಇದನ್ನು ಕಲಿಸಬೇಕಾದವರು ಯಾರು? ಲೈಸೆನ್ಸ್ ಕೊಡುವ ವ್ಯವಸ್ಥೆಯೇ ಕಲಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 11ನೇ ನಿಯಮ ಕಲಿಕಾ ಪರವಾನಗಿಯ ಪರೀಕ್ಷೆಯಲ್ಲಿ ಏನು ಕೇಳಬೇಕೆಂದು ಹೇಳುತ್ತದೆ: ಸಂಚಾರ ಚಿಹ್ನೆ ಮತ್ತು ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲುಗಾರರಿಲ್ಲದ ರೈಲ್ವೆ ಕ್ರಾಸಿಂಗ್ ದಾಟುವಾಗಿನ ಎಚ್ಚರಿಕೆ, ಜೊತೆಗಿರಬೇಕಾದ ದಾಖಲೆಗಳು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ತೆಗೆದುಹಾಕಿರುವುದಾಗಿ ರೈಲ್ವೆ ಇಲಾಖೆಯೇ ಘೋಷಿಸಿದೆ. ಇಲ್ಲದ ಕ್ರಾಸಿಂಗ್ ದಾಟುವುದು ಹೇಗೆಂದು ಮಂಡ್ಯದ ಹುಡುಗ ತಿಳಿದಿರಬೇಕು. ಊರಿನ ಪಕ್ಕದಲ್ಲೇ ಹರಿಯುವ ನಾಲೆಗೆ ಬಿದ್ದರೆ ಕಾರಿನಿಂದ ಹೊರಬರುವುದು ಹೇಗೆಂದು ತಿಳಿದಿರಬೇಕಾಗಿಲ್ಲ!

ಸೀಟ್ ಬೆಲ್ಟಿನ ವಿಚಾರದಲ್ಲಿ ಈ ಅಜ್ಞಾನಕ್ಕೆ ಇನ್ನೊಂದು ಮುಖವಿದೆ. ನಾಲೆ ಸೀಮೆಯಲ್ಲಿ ಕೇಳಿಬರುವ ವಾದ ಒಂದಿದೆ: ಬೆಲ್ಟ್ ಹಾಕಿಕೊಂಡರೆ ನೀರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ, ಹಾಕದಿದ್ದರೆ ತಪ್ಪಿಸಿಕೊಳ್ಳಬಹುದು ಎಂದು. ಇದು ತಲೆಕೆಳಗಾದ ತರ್ಕ. ಬೆಲ್ಟ್ ಇಲ್ಲದವನ ತಲೆ ಬೀಳುವಾಗಲೇ ಗಾಜಿಗೋ ಛಾವಣಿಗೋ ಬಡಿಯುತ್ತದೆ; ಪ್ರಜ್ಞೆ ತಪ್ಪಿದವನು ಯಾವ ಬಾಗಿಲನ್ನೂ ತೆರೆಯಲಾರ. ಬೆಲ್ಟ್ ಬಿಚ್ಚಲು ಬೇಕಾದದ್ದು ಒಂದು ಬೆರಳು ಮತ್ತು ಎಚ್ಚರವಿರುವ ಮನಸ್ಸು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮೊದಲ ವರ್ಷ ಹೆಣಗಳು ಉರುಳಿದಾಗ ಪೊಲೀಸರು ಎಚ್ಚೆತ್ತರು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂದಿತು, ಕ್ಯಾಮೆರಾಗಳು ಬಂದವು, ಮರುವರ್ಷ ಸಾವು ಗಣನೀಯವಾಗಿ ತಗ್ಗಿತು. ಆದರೆ ಹೆದ್ದಾರಿಯಿಂದ ಇಳಿದು ಮಳವಳ್ಳಿಯ ಕಡೆಗೋ ಕೊಪ್ಪದ ಕಡೆಗೋ ತಿರುಗಿದೊಡನೆ ಬೆಲ್ಟ್ ಬಿಚ್ಚಿ ಪಕ್ಕಕ್ಕೆ ಬೀಳುತ್ತದೆ. ಬೆಲ್ಟಿನ ಸದ್ದನ್ನು ಅಡಗಿಸಲೆಂದೇ ಮಾರುವ ಕ್ಲಿಪ್ಪುಗಳನ್ನು ತೆಗೆದುಹಾಕುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಳಿಗೆಗಳಿಗೆ ಆದೇಶಿಸಿದಾಗ ಹೊರಬಿದ್ದ ಪಟ್ಟಿಗಳ ಸಂಖ್ಯೆ 13,118. ಸುರಕ್ಷತೆಯನ್ನು ಮೋಸಗೊಳಿಸುವುದಕ್ಕೂ ಇಷ್ಟು ದೊಡ್ಡ ಮಾರುಕಟ್ಟೆ!

ಬೀಗ ಕೊಲ್ಲಲು ನೀರೇ ಬೇಕೆಂದಿಲ್ಲ. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿಯಲ್ಲಿ ಆಡುತ್ತ ನಿಂತ ಕಾರಿನೊಳಗೆ ಹೊಕ್ಕ ನಾಲ್ಕು ಮಕ್ಕಳು ಬಾಗಿಲು ತೆರೆಯಲಾಗದೆ ಉಸಿರುಗಟ್ಟಿ ಸತ್ತರು. ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪ ಹತ್ತು ನಿಮಿಷದಲ್ಲೇ ಹತ್ತು ಡಿಗ್ರಿಯಷ್ಟು ಏರಬಲ್ಲದು. ಮಳವಳ್ಳಿಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಉಳಿದ ಲೆಕ್ಕ ಹೇಳಬೇಕಿಲ್ಲ. ಮನೆಯಂಗಳದಲ್ಲಿ ಕಾರು ನಿಲ್ಲಿಸುವವರು ಬೀಗ ಹಾಕುವುದು ಕಳ್ಳರಿಗಾಗಿ ಮಾತ್ರವಲ್ಲ, ಮನೆಯ ಮಕ್ಕಳಿಗಾಗಿಯೂ ಹೌದು. ಕೀಲಿ ಅವರ ಕೈಗೆಟಕದಂತೆ ಇರಬೇಕು. ರಿಮೋಟ್ ಕೀಲಿಯ ಬ್ಯಾಟರಿ ಸತ್ತರೆ ಅದರ ಹೊಟ್ಟೆಯೊಳಗೇ ಒಂದು ಲೋಹದ ಕೀಲಿ ಅಡಗಿದೆಯೆಂಬುದು ಎಷ್ಟೋ ಮಾಲೀಕರಿಗೆ ಹೊಸ ಸುದ್ದಿ.

ತಿಳಿವಳಿಕೆಯ ಹೆಸರಿನಲ್ಲಿ ಮೊಬೈಲುಗಳಲ್ಲಿ ಹರಿದಾಡುವುದರಲ್ಲಿ ಅರ್ಧ ಸುಳ್ಳು. ಸೀಟಿನ ತಲೆದಿಂಬನ್ನು ಕಳಚುವಂತೆ ಮಾಡಿರುವುದೇ ಗಾಜು ಒಡೆಯಲೆಂದು ಎಂಬ ಸಂದೇಶ ಎಲ್ಲರಿಗೂ ಬಂದಿದೆ. ತಲೆದಿಂಬು ಇರುವುದು ಹಿಂದಿನಿಂದ ಡಿಕ್ಕಿಯಾದಾಗ ಕತ್ತು ಉಳಿಸಲು. ಎತ್ತರ ಹೊಂದಿಸಲೆಂದು ಅದು ಕಳಚುತ್ತದೆ, ಅಷ್ಟೆ. ಇಕ್ಕಟ್ಟಿನಲ್ಲಿ, ನೀರು ಎದೆಮಟ್ಟಕ್ಕೆ ಬಂದಾಗ ಅದನ್ನು ಬೀಸಿ ಗಾಜು ಒಡೆಯುವುದು ಸುಲಭದ ಮಾತಲ್ಲ. ಕೆಲವು ನೂರು ರೂಪಾಯಿಗೆ ಸಿಗುವ, ಚೂಪು ಮೂತಿಯ ಪುಟ್ಟ ಸುತ್ತಿಗೆ ವಾಸಿ. ಅದೂ ಡಿಕ್ಕಿಯಲ್ಲಿ ಅಲ್ಲ, ಚಾಲಕನ ಕೈಯಳತೆಯಲ್ಲಿದ್ದರೆ. ಮುಂಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಲ್ಯಾಮಿನೇಟೆಡ್ ಗಾಜು. ಅದು ಬಿರಿಯುತ್ತದೆ, ದಾರಿ ಬಿಡುವುದಿಲ್ಲ. ಹೆಚ್ಚಿನ ಕಾರುಗಳ ಪಕ್ಕದ ಗಾಜು ಹರಳು ಹರಳಾಗಿ ಉದುರುವ ಜಾತಿಯದು. ಅದರ ಮೂಲೆಗೆ ಹೊಡೆಯಬೇಕು. ಫಿಲ್ಮ್ ಅಂಟಿಸಿದ್ದರೆ ಒಡೆದ ಚೂರೂ ಅಲ್ಲೇ ಅಂಟಿ ನಿಲ್ಲುತ್ತದೆ. ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಆಗುತ್ತಿದೆ. ಅಂಥ ಗಾಜನ್ನು ತಾನು ಪರೀಕ್ಷಿಸಿದ ಆರು ಸಲಕರಣೆಗಳಲ್ಲಿ ಒಂದೂ ಒಡೆಯಲಿಲ್ಲವೆಂದು ಅಮೆರಿಕದ ಎಎಎ ಎಂಬ ವಾಹನ ಮಾಲೀಕರ ಸಂಘ 2019ರಲ್ಲಿ ಹೇಳಿತ್ತು.

ಇದೆಲ್ಲ ಗೊತ್ತಿದ್ದರೆ ಬನಘಟ್ಟದ ಐವರು ಬದುಕುತ್ತಿದ್ದರೆಂದು ಹೇಳುವ ಧಾರ್ಷ್ಟ್ಯ ಈ ಲೇಖಕನಿಗಿಲ್ಲ. ಕಾರು ತಲೆಕೆಳಗಾಗಿ ಬಿದ್ದರೆ ಆ ಒಂದು ನಿಮಿಷವೂ ಸಿಗುವುದಿಲ್ಲ. ಹೊರಬಂದವನಿಗೂ ಈಜು ಬಾರದಿರಬಹುದು. ಬಂದರೂ ಕಾಂಕ್ರೀಟ್ ಹೊದಿಕೆಯ ನಾಲೆಯ ಇಳಿಜಾರು ಪಾಚಿಗಟ್ಟಿ ಕಾಲೂರಲು ಕೊಡುವುದಿಲ್ಲ. ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ 2023ರ ಮೇ 21ರಂದು ಮಳೆನೀರಿಗೆ ಸಿಲುಕಿದ ಕಾರಿನಲ್ಲಿ ಯುವತಿಯೊಬ್ಬರು ಮೃತಪಟ್ಟದ್ದು ರಾಜಧಾನಿಯ ನಟ್ಟನಡುವೆ, ಜನ ನೋಡುತ್ತಿದ್ದಂತೆಯೇ. ಹಾಗಾಗಿ ಗೋಡೆಯ ಬದಲು ತಿಳಿವಳಿಕೆ ಸಾಕು ಎಂದು ಯಾವ ಇಲಾಖೆಯಾದರೂ ಈ ಮಾತುಗಳನ್ನು ತನ್ನ ರಕ್ಷಣೆಗೆ ಬಳಸಿಕೊಳ್ಳುವುದಾದರೆ ಅದು ವಂಚನೆ. ತಿರುವುಗಳಲ್ಲಿ ಗೋಡೆ, ರಾತ್ರಿ ಹೊಳೆಯುವ ಪಟ್ಟಿ, ಕಬ್ಬಿನ ಟ್ರೇಲರಿಗೆ ಪ್ರತಿಫಲಕ, ನಾಲೆಯ ಗೋಡೆಗೆ ಅಲ್ಲಲ್ಲಿ ಮೆಟ್ಟಿಲು ಮತ್ತು ಹಿಡಿಯಲು ಸರಪಳಿ ಇವು ಸರ್ಕಾರದ ಸಾಲ.

ಆದರೆ ನೂರಾರು ಕಿಲೋಮೀಟರ್ ಏರಿಗೆ ಗೋಡೆ ಏಳುವವರೆಗೂ ಕಾರುಗಳು ಓಡುತ್ತಲೇ ಇರುತ್ತವೆ. ಮಂಡ್ಯದ ಸಾರಿಗೆ ಕಚೇರಿ ಕೆಎ–11 ಎಂದು ನೋಂದಾಯಿಸುವ ಪ್ರತಿ ಹೊಸ ಕಾರಿನ ಮಾಲೀಕನಿಂದ, ಕೀಲಿ ಹಸ್ತಾಂತರಿಸುವ ಮುನ್ನ, ಒಳಗೆ ಕೂತು ಕೈಯಿಂದ ಬೀಗ ತೆಗೆಸಿ, ಚೈಲ್ಡ್ ಲಾಕ್ ಎಲ್ಲಿದೆಯೆಂದು ಮುಟ್ಟಿಸಿ ಸಹಿ ಪಡೆಯುವಂತೆ ಮಾರಾಟಗಾರರಿಗೆ ಸೂಚಿಸಲು ಹಣವೇನೂ ಬೇಕಾಗಿಲ್ಲ. ಚಾಲನಾ ಪರೀಕ್ಷೆಯ ಮೈದಾನದಲ್ಲಿ ‘ಎಂಟು’ ಹೊಡೆಸುವ ಇನ್‌ಸ್ಪೆಕ್ಟರು, ಮುಗಿದ ಮೇಲೆ, ಕಣ್ಣು ಮುಚ್ಚಿಕೊಂಡು ಬೆಲ್ಟ್ ಬಿಚ್ಚಿ ಕಿಟಕಿ ಇಳಿಸು ಎಂದರೆ ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿಯುತ್ತದೆ. ನಾಲೆಗೆ ನೀರು ಬಿಡುವ ದಿನಾಂಕವನ್ನು ಪ್ರತಿ ಹಂಗಾಮಿನಲ್ಲೂ ರೈತರಿಗೆ ಪ್ರಕಟಿಸುವ ಆಡಳಿತ, ಅದೇ ಪ್ರಕಟಣೆಯ ಕೆಳಗೆ ಎರಡು ಸಾಲು ಚಾಲಕರಿಗೂ ಸೇರಿಸಬಹುದು: ಏರಿಯ ಮೇಲೆ ಹೋಗುವಾಗ ಕಿಟಕಿಯ ಗಾಜು ಅರ್ಧ ಇಳಿಸಿರಲಿ, ಬೀಗ ತೆಗೆದಿರಲಿ ಎಂದು.